ಕ್ರಿಸ್ಮಸ್ ಕೌದಿಯೊಳಗಿನ ಕೈ

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ಬೀದರಿನ ಒಂದು ತರಬೇತಿ ಕೇಂದ್ರದಲ್ಲಿ ಹೊಲಿಗೆ ಶಿಕ್ಷಕಿಯಾಗಿದ್ದ ನಾನು ಆಗಷ್ಟೇ ನಿವೃತ್ತಳಾಗಿ, ಹಳೆ ಊರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೌದಿ ಹೊಲಿಯುವ ಕೆಲಸ ಹಿಡಿದಿದ್ದೆ. ಕೈಹೊಲಿಗೆಯಲ್ಲ, ಮಷಿನ್ ಹೊಲಿಗೆ. ಇದಕ್ಕೆ ಫ್ರೀ ಮೋಷನ್ ಎನ್ನುತ್ತಾರೆ. ಮಾಮೂಲಿ ಹೊಲಿಗೆಯಲ್ಲಿ ಸೂಜಿಯ ಕೆಳಗಿನ ಲೋಹದ ಹಲ್ಲುಗಳು ಬಟ್ಟೆಯನ್ನು ನೇರ ಮುಂದಕ್ಕೆ ತಳ್ಳುತ್ತವೆ. ಇಲ್ಲಿ ಆ ಹಲ್ಲುಗಳನ್ನು ಇಳಿಸಿ, ಡಾರ್ನಿಂಗ್ ಫುಟ್ ಎಂಬ ಸಣ್ಣ ಪಾದ ಕೂಡಿಸಿ, ಬಟ್ಟೆಯನ್ನು ಎರಡೂ ಕೈಯಿಂದ ನಾವೇ ಆಡಿಸಬೇಕು. ಸೂಜಿ ನಿಂತಲ್ಲೇ ಕುಣಿಯುತ್ತದೆ, ಬಟ್ಟೆ ಹೋದ ಕಡೆ ಗೆರೆ ಬೀಳುತ್ತದೆ.

ನವೆಂಬರ್ ಕೊನೆಗೆ ಭಾಲ್ಕಿಯಿಂದ ಸುಲೋಚನಾ ಸಿಸ್ಟರ್ ಬಂದರು. ನಿವೃತ್ತ ನರ್ಸ್, ನನ್ನ ಹೆರಿಗೆಯ ಕಾಲದಿಂದ ಪರಿಚಯ, ನನ್ನನ್ನು ಅಕ್ಕ ಎಂಬಂತೆ 'ಆಪಾ' ಎಂದೇ ಕರೆಯುತ್ತಿದ್ದರು. ಕೆಂಪು, ಹಸಿರು ಚೌಕಗಳನ್ನು ಜೋಡಿಸಿ ತಾವೇ ಒಂದು ಕೌದಿ ತಯಾರು ಮಾಡಿಕೊಂಡು ಬಂದಿದ್ದರು. ಮೇಲಿನ ಪದರ, ಒಳಗಿನ ದಪ್ಪ ಪದರ, ಕೆಳಗಿನ ಅಸ್ತರು, ಮೂರನ್ನೂ ಕಚ್ಚಾ ಹೊಲಿಗೆ ಹಾಕಿ ಹಿಡಿಸಿದ್ದರು. ನಡುವೆ ಬಿಳಿ ಬಟ್ಟೆಯ ಅಂಗಳ ಬಿಟ್ಟು, ಅಲ್ಲಿ ದೊಡ್ಡದೊಂದು ಕ್ರಿಸ್ಮಸ್ ನಕ್ಷತ್ರ, ಸುತ್ತ ಗಂಟೆ, ಎಲೆಬಳ್ಳಿ ಬೇಕೆಂದರು.

ಕೌದಿ ಅವರ ತಾಯಿಗೆ. ಮುದುಕಿ ಔರಾದದಲ್ಲಿ ಮಗನ ಮನೆಯಲ್ಲಿದ್ದರು. ಕಣ್ಣು ಹೋಗಿತ್ತು, ಬುದ್ಧಿ ಚುರುಕಾಗಿತ್ತು. ದಸರಾದಿಂದ ಈಚೆಗೆ ಮಾತ್ರ ಒಂದು ಮಾತು ಹಿಡಿದಿದ್ದರಂತೆ. ಕೂತಲ್ಲಿ, ನಿಂತಲ್ಲಿ, 'ಪೋರಿಗಿ ಥಂಡಿ ಹತ್ತ್ಯಾದ, ಹೊಚ್ಚರಿ' ಎನ್ನುತ್ತಿದ್ದರು. ಆ ಮನೆಯಲ್ಲಿ ಹೆಣ್ಣು ಮಗುವೇ ಇರಲಿಲ್ಲ. ಅವ್ವನಿಗೇ ಥಂಡಿ ಆಗಿರಬೇಕು ಎಂದುಕೊಂಡು ಸಿಸ್ಟರ್ ಈ ಕೌದಿಗೆ ಕೈ ಹಾಕಿದ್ದರು.

ನಾನು ಸೀಮೆಸುಣ್ಣದಲ್ಲಿ ಎಂಟು ಮೂಲೆಯ ನಕ್ಷತ್ರ ಬರೆದು ಮಧ್ಯಾಹ್ನ ಮಷಿನ್ನಿಗೆ ಕೂತೆ. ಮನೆಯಲ್ಲಿ ಯಾರೂ ಇರಲಿಲ್ಲ. ಎರಡು ಮೂಲೆ ಚೆಂದ ಬಂದವು. ಮೂರನೆಯದಕ್ಕೆ ತಿರುಗಿಸುವಾಗ ಬಟ್ಟೆ ಎಡಕ್ಕೆ ಸರಿಯಿತು. ನಾನು ಬಲಕ್ಕೆ ತಂದೆ. ಅದು ಮತ್ತೆ ಎಡಕ್ಕೆ ಹೋಯಿತು, ಟೇಬಲ್ಲಿನ ಆ ತುದಿಯಲ್ಲಿ ಯಾರೋ ಕೂತು ಮೆಲ್ಲಗೆ ಜಗ್ಗಿದ ಹಾಗೆ. ದಾರ ಹರಿಯಿತು.

ಸೂಜಿ ಬದಲಿಸಿದೆ. ಬಾಬಿನ್ ತೆಗೆದು ಒರೆಸಿದೆ, ದಾರದ ಬಿಗಿ ನೋಡಿದೆ. ಹಳೆ ಟವೆಲ್ಲಿನ ಮೇಲೆ ಓಡಿಸಿದರೆ ಮಷಿನ್ ಬೆಣ್ಣೆಯ ಹಾಗೆ ಓಡಿತು. ಕೌದಿಗೆ ಮರಳಿದರೆ ಮತ್ತೆ ಅದೇ ಜಗ್ಗಾಟ. ಕೊನೆಗೆ ಕೈ ಸಡಿಲ ಬಿಟ್ಟೆ, ಎತ್ತ ಹೋಗುತ್ತದೋ ನೋಡೋಣವೆಂದು. ಗೆರೆ ಮೇಲೇರಿತು, ಬಾಗಿತು, ಇಳಿಯಿತು, ಮತ್ತೆ ಏರಿತು. ಶುರುವಾದ ಜಾಗಕ್ಕೇ ಬಂದು ಕೂಡಿದಾಗ ಮಷಿನ್ ನಿಲ್ಲಿಸಿ ದೂರದಿಂದ ನೋಡಿದೆ. ಅರ್ಧ ನಕ್ಷತ್ರದ ಮಗ್ಗುಲಲ್ಲಿ ಸಣ್ಣ ಮಗುವಿನ ಅಂಗೈ ಇತ್ತು, ಐದೂ ಬೆರಳು ಅಗಲಿಸಿ ಊರಿದ್ದು.

ಎದ್ದು ಬೀದಿ ಬಾಗಿಲು ತೆರೆದಿಟ್ಟೆ. ಆಮೇಲೇ ಸಿಸ್ಟರಿಗೆ ಫೋನ್ ಮಾಡಿದೆ.

ಮರುದಿನ ಬಂದ ಸಿಸ್ಟರ್ ಆ ಅಂಗೈ ನೋಡಿ ಕುರ್ಚಿ ಹಿಡಿದು ಕೂತರು. ಅವರಿಗೊಬ್ಬ ತಂಗಿಯಿದ್ದಳು, ಹೆಸರು ಗ್ರೇಸ್. ಶಾಲೆಗೆ ಸೇರುವ ಮೊದಲೇ, ಕ್ರಿಸ್ಮಸ್ ಹತ್ತಿರವಿದ್ದಾಗ ಜ್ವರದಲ್ಲಿ ಹೋದಳು. ಅವಳ ಕೌದಿಯ ಮೇಲೆ ಅವಳ ಕೈ ಇಡಿಸಿ, ಸುತ್ತ ದಪ್ಪ ದಾರದಿಂದ ಅವ್ವ ಹೊಲಿದಿದ್ದರು.

"ಆ ಕೌದಿ ಅಕಿ ಜೋಡೀನೇ ಮಣ್ಣಾಗ ಹೋಯ್ತರಿ ಆಪಾ," ಎಂದರು. "ಅವ್ವ ಹಂಗೇ ಹೇಳ್ಯಾಳ."

ಒಳಗೇನು ಹಾಕಿದ್ದೀರಿ ಎಂದು ಕೇಳಿದೆ. ದಸರಾಕ್ಕೆ ತಮ್ಮನ ಮನೆಗೆ ಸುಣ್ಣ ಹೊಡೆಸುವಾಗ ಅವ್ವನ ಟ್ರಂಕಿನಲ್ಲಿ ಗವಸಿನೊಳಗೆ ಹಾಕಿ ನಾಲ್ಕೂ ಕಡೆ ಹೊಲಿದು ಮುಚ್ಚಿದ್ದ ಒಂದು ಹಳೆ ಹಾಸು ಸಿಕ್ಕಿತ್ತಂತೆ. ಬೆಚ್ಚಗಿದೆಯೆಂದು ಅದನ್ನೇ ಒಳಪದರ ಮಾಡಿದ್ದರು, ಅವ್ವನಿಗೆ ಹೇಳಿರಲಿಲ್ಲ. ನಾನು ಅಂಚಿನ ಹೊಲಿಗೆ ಬಿಚ್ಚಿದೆ, ಗವಸಿನ ಒಂದು ಮಗ್ಗುಲನ್ನೂ ಕತ್ತರಿಸಿದೆ. ಒಳಗೆ ಮಾಸಿದ ಪುಟ್ಟ ಕೌದಿ. ಕೈ ಹಾಕಿ ಸವರಿದರೆ ದಪ್ಪ ದಾರದ ದಿಬ್ಬ ಸಿಕ್ಕಿತು, ಸರಿಯಾಗಿ ನನ್ನ ಗೆರೆಯ ಅಡಿಯಲ್ಲೇ.

ಒಂದು ಗಳಿಗೆ ನಿರಾಳವಾಯಿತು. ಒಳಗೆ ದಿಬ್ಬವಿದ್ದರೆ ಪಾದ ಅದರ ಗುಂಟ ಜಾರುತ್ತದೆ, ನಾನೇ ತರಗತಿಯಲ್ಲಿ ಹೇಳುತ್ತಿದ್ದ ಪಾಠ. ಆದರೆ ಪದರಗಳನ್ನು ಅಗಲಿಸಿ ಬೆಳಕಿಗೆ ಹಿಡಿದು ನೋಡಿದಾಗ, ಹಳೆಯ ಹೊಲಿಗೆಯಲ್ಲಿ ಕಿರುಬೆರಳು ಬುಡದಲ್ಲೇ ನಿಂತಿತ್ತು. ಅಲ್ಲಿಂದ ಮುಂದೆ ನನ್ನ ಮಷಿನ್ನಿನ ಹೊಲಿಗೆ ಬಿಟ್ಟರೆ ಹಳೆ ದಾರವಿಲ್ಲ, ಹಳೆ ಸೂಜಿ ಆಡಿದ ತೂತೂ ಇಲ್ಲ, ದಿಬ್ಬವಿಲ್ಲದ ಮೆತ್ತನೆ ಬಟ್ಟೆ. ಸಿಸ್ಟರ್ ಬಗ್ಗಿ ನೋಡುವ ಮೊದಲೇ ಪದರ ಇಳಿಸಿದೆ.

ಅಂಗೈ ಬಿಚ್ಚಬೇಕೋ ಬೇಡವೋ ಎಂದು ಅವರು ಬಹಳ ಹೊತ್ತು ಯೋಚಿಸಿದರು. ಅವ್ವನ ಎದೆ ಒಡೆದರೆ ಎಂಬ ಭಯ. ಕೊನೆಗೆ ಇರಲಿ ಎಂದರು. ನಾನು ಒಳಗಿನದನ್ನು ಮೊದಲಿನಂತೆ ಮುಚ್ಚಿ, ನಕ್ಷತ್ರ ಮುಗಿಸಿದೆ, ಗಂಟೆ, ಬಳ್ಳಿ ಹಾಕಿದೆ. ಆಮೇಲೆ ಬಟ್ಟೆ ಒಮ್ಮೆಯೂ ಜಗ್ಗಲಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ದಿನ ಸಿಸ್ಟರ್ ನನ್ನನ್ನೂ ಔರಾದಕ್ಕೆ ಕರೆದೊಯ್ದರು. ಅಂಗಳದ ಬಿಸಿಲಲ್ಲಿ ಮಂಚದ ಮೇಲೆ ಕೂತಿದ್ದ ಅವ್ವನ ತೊಡೆಯ ಮೇಲೆ ಕೌದಿ ಹರಡಿದರು. ಅವ್ವ ನಕ್ಷತ್ರ ಸವರಿದರು, ಗಂಟೆ ಸವರಿದರು. ಅಂಗೈ ಸಿಕ್ಕಾಗ ಅವರ ಬೆರಳು ನಿಂತವು. ತಮ್ಮ ಅಂಗೈಯನ್ನು ಅದರ ಮೇಲಿಟ್ಟರು.

"ಅಕಿನ್ನ ಮಣ್ಣಿಗಿ ಕೊಡುವಾಗ ಬಿಳಿ ಚಾದರ ಸುತ್ತಿ ಕೊಟ್ಟೆ," ಎಂದರು. "ಕೌದಿ ನಾ ಇಟ್ಕೊಂಡೆ. ಅದರಾಗ ಅಕಿ ವಾಸನಿ ಇತ್ತು."

ಸಿಸ್ಟರ್ ಅಳುತ್ತಿದ್ದರು. ಅವ್ವ ಒಂದೊಂದೇ ಬೆರಳು ಸವರುತ್ತ ಕಿರುಬೆರಳಿಗೆ ಬಂದರು.

"ಇದು ನಾ ಮುಗಿಸಿರಲಿಲ್ಲ. ಪೋರಿ ನಕ್ಕೋತ ಕೈ ಎಳಕೊಂಡಿದ್ಳು, ಸಂಜಿಗಿ ಜ್ವರ ಬಂತು. ಇದನ್ನ ಯಾರು ಮುಗಿಸ್ಯಾರ?"

"ನಾನೇರಿ ಅವ್ವಾರ," ಎಂದೆ. ಅದು ಪೂರ್ತಿ ನಿಜವಲ್ಲ ಎಂದು ಹೇಳುವಾಗಲೇ ಅನಿಸಿತು.

ಅಂದಿನಿಂದ ಅವ್ವ ಥಂಡಿಯ ಮಾತು ಎತ್ತಲಿಲ್ಲವಂತೆ. ಬೇಸಿಗೆಗೆ ಮುಂಚೆ ತೀರಿಕೊಂಡರು. ಅವರೇ ಹೇಳಿಟ್ಟಂತೆ ಕೌದಿ ಹೊಚ್ಚಿ, ಗ್ರೇಸಳ ಪಕ್ಕದಲ್ಲಿ ಮಣ್ಣು ಮಾಡಿದರು.

ಈಗಲೂ ಹುಡುಗಿಯರು ನನ್ನ ಹತ್ತಿರ ಫ್ರೀ ಮೋಷನ್ ಕಲಿಯಲು ಬರುತ್ತಾರೆ. ಹಳೆ ಬಟ್ಟೆ ಬಂದರೆ ಮೊದಲು ಅಂಗೈ ಊರಿ ಸವರಿ, ಒಳಗೇನಿದೆ ಎಂದು ಮನೆಯವರನ್ನು ಕೇಳಿ ಎನ್ನುತ್ತೇನೆ. ಬಟ್ಟೆ ತಾನಾಗಿ ಜಗ್ಗಿದರೆ ತಿರುಗಿ ಜಗ್ಗಬೇಡಿ, ಮಷಿನ್ ನಿಲ್ಲಿಸಿ ಎಂದೂ ಹೇಳುತ್ತೇನೆ. ಯಾಕೆ ಎಂದು ಕೇಳಿದವರಿಗೆ ದಿಬ್ಬದ ಪಾಠ ಹೇಳಿಕೊಡುತ್ತೇನೆ. ಆ ಪಾಠದಿಂದ ನಾಲ್ಕು ಬೆರಳಿಗೆ ಉತ್ತರ ಸಿಗುತ್ತದೆ. ಐದನೆಯದಕ್ಕೆ ನನ್ನ ವಿದ್ಯೆಯಲ್ಲಿ ಉತ್ತರವಿಲ್ಲ, ಇಷ್ಟು ವರ್ಷದ ಕೆಲಸ ನನಗೆ ಅದನ್ನು ಒಪ್ಪಿಕೊಳ್ಳುವುದನ್ನು ಕಲಿಸಿದೆ.