ನೆಮೆಸಿಸ್‌ಳ ಎಡಗಾಲು

ಆಟದ ಕಂಪನಿಯಲ್ಲಿ ಅವಳಿಗೆ ಹುಳುಕಮ್ಮ ಎಂದೇ ಹೆಸರು. ವಿಡಿಯೋ ಗೇಮ್‌ಗಳನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆಡಿ, ಹುಳುಕು ಹುಡುಕುವುದೇ ಅವಳ ಕೆಲಸ. ಗೋಡೆಯೊಳಗೆ ಸಿಕ್ಕಿಕೊಂಡ ಕುದುರೆ, ನೆರಳಿಲ್ಲದ ಸೈನಿಕ, ಯಾವುದೂ ಅವಳಿಂದ ತಪ್ಪಿಸಿಕೊಂಡದ್ದಿಲ್ಲ. ಮನೆಗೆ ಹೋದರೂ ಗಂಡನ ಅಂಗಿಯ ಗುಂಡಿ ಮೇಲೆ ಕೆಳಗಾದದ್ದೇ ಮೊದಲು ಕಾಣುತ್ತಿತ್ತು. ಪಾಪ, ಆ ಗಂಡ!

ಈ ಸಲದ ಆಟದಲ್ಲಿ ಬರುವವಳು ನೆಮೆಸಿಸ್, ಮಾಡಿದ ತಪ್ಪನ್ನು ದಕ್ಕಗೊಡದ ಗ್ರೀಕರ ದೇವತೆ. ಇಲ್ಲಿ ಅವಳಿಗೆ ರೆಕ್ಕೆಯಿಲ್ಲ, ಕಿರೀಟವಿಲ್ಲ. ಬೂದು ಕೋಟು ತೊಟ್ಟು, ಕೈಯಲ್ಲಿ ಅಳತೆಗೋಲು ಹಿಡಿದು, ತಪ್ಪು ಮಾಡಿದವನ ಹಿಂದೆ ಬೀದಿಬೀದಿ ನಡೆದು ಬರುತ್ತಾಳೆ. ಆಡುವವನು ಎಷ್ಟೇ ಕಾಲಿಗೆ ಬುದ್ಧಿ ಹೇಳಿದರೂ ಹಿಂದಿನ ಹೆಜ್ಜೆ ಸದ್ದು ನಿಲ್ಲದು. ತಿರುಗಿ ನಿಂತರೆ ಹತ್ತಿರ ಬಂದು, "ಏನು ಮಾಡಿದೆ?" ಎಂದು ಕೇಳುತ್ತಾಳೆ.

ಆ ನಡಿಗೆ ಹುಳುಕಮ್ಮನ ಅಕ್ಕನದು. ಎತ್ತರದ ಹೆಂಗಸೊಬ್ಬಳು ಬೇಕೆಂದಾಗ ಅವಳೇ ಅಕ್ಕನನ್ನು ಕರೆತಂದಿದ್ದಳು. ಕಪ್ಪು ಉಡುಪಿನ ತುಂಬ ಬಿಳಿ ಗುಂಡುಗಳನ್ನು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು ನಡೆಸಿ, ಆ ಚಲನೆಯನ್ನು ಹಾಗೇ ದೇವತೆಗೆ ತೊಡಿಸುವುದು ಅಲ್ಲಿನ ಪದ್ಧತಿ. "ಏನ್ರಪ್ಪಾ, ನನ್ನ ಗೋಲಿ ಬಿಡೋ ಗಿಡ ಮಾಡಿಬಿಟ್ರಲ್ಲ!" ಎಂದು ಅಕ್ಕ ಎಲ್ಲರನ್ನೂ ನಗಿಸಿದಳು. ಚಿಕ್ಕಂದಿನಿಂದ ಇದ್ದ ಎಡಗಾಲಿನ ಕುಂಟು ಗೊತ್ತಾಗದಂತೆ ಹಲ್ಲು ಕಚ್ಚಿ ನಾಲ್ಕು ಸಲ ನೆಟ್ಟಗೆ ನಡೆದಳು. ಐದನೆಯ ಸಲ ಎಡಗಾಲನ್ನು ಅದರ ಪಾಡಿಗೆ ಬಿಟ್ಟು, ತಂಗಿಯತ್ತ ನೋಡಿ, "ಬೆನ್ನು ಹತ್ತಿ ಬರೋಳು ಹೀಗೇ ಬರ್ಬೇಕು ಕಣೇ. ಯಾರು ಅಂತ ಗೊತ್ತಾಗ್ಬೇಕು" ಎಂದಳು.

ತಂಗಿಗೆ ನಗು ಬರಲಿಲ್ಲ. ಎರಡೇ ತಿಂಗಳಿಗೆ ಅಕ್ಕ ಜ್ವರದಲ್ಲಿ ತೀರಿಕೊಂಡಳು. ಯಾರೋ ನೋಡದೆ ಐದನೆಯ ಸಲದ ನಡಿಗೆಯನ್ನೇ ಆಟಕ್ಕೆ ಸೇರಿಸಿದ್ದರು.

ಟಕ್, ಸರ್‍ರ್. ಟಕ್, ಸರ್‍ರ್. ಮೂರು ವಾರ ಹುಳುಕಮ್ಮ ಆ ಸದ್ದಿನ ಮುಂದೆ ಓಡಿದಳು. ಪ್ರತಿ ಓಣಿ, ಪ್ರತಿ ಬಾಗಿಲು ಪರೀಕ್ಷಿಸಿದಳು, ಒಮ್ಮೆಯೂ ತಿರುಗಿ ನಿಲ್ಲಲಿಲ್ಲ. ಕಚೇರಿಯ ಮೆಟ್ಟಿಲಲ್ಲೂ ಅದೇ ಸದ್ದು ಕೇಳತೊಡಗಿ, ಹಾಡುಹಗಲೇ ಎರಡೆರಡು ಮೆಟ್ಟಿಲು ಹಾರಿ ಓಡುತ್ತಿದ್ದಳು.

ಕೊನೆಗೆ ಮೇಲ್ವಿಚಾರಕನೇ ಅವಳ ಮೇಜಿಗೆ ಬಂದ. "ಏನಮ್ಮಾ, ದೇವತೆ ಕಾಲು ಎಳೀತಿದೆ, ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ? ಹುಳುಕು ಅಂತ ಹಾಕಿ, ನೆಟ್ಟಗೆ ನಡೆದಿದ್ದನ್ನ ಸೇರಿಸ್ತಾರೆ. ಇದನ್ನ ಅಳಿಸಿಬಿಡೋಣ."

"ಅದು ಹುಳುಕಲ್ಲ ಸರ್."

"ಅಲ್ಲ ಅಂದ್ರೆ ಹೇಗಾಯ್ತು ಅಂತ ಬರೀರಿ. ಕಾರಣ ಇಲ್ದೆ ಬಿಡೋಕಾಗಲ್ಲ."

ಒಂದು ಗುಂಡಿ ಒತ್ತಿದರೆ ಆ ಸದ್ದು ಶಾಶ್ವತವಾಗಿ ಹೋಗುತ್ತಿತ್ತು. ಎಂಥ ನೆಮ್ಮದಿ! ಆದರೆ ಅದರ ಜೊತೆ ಲೋಕದಲ್ಲಿ ಉಳಿದಿದ್ದ ಅಕ್ಕನ ನಡಿಗೆಯೂ ಹೋಗುತ್ತಿತ್ತು. ಅಕ್ಕನನ್ನು ಎರಡನೆಯ ಸಲ ತಳ್ಳುವುದು ಅವಳಿಂದಾಗಲಿಲ್ಲ.

ಏನಾಯಿತೆಂಬುದನ್ನು ಹಂತಹಂತವಾಗಿ ಬರೆಯುವುದು ಆ ಕೆಲಸದ ನಿಯಮ. ಕಚೇರಿಯವರೆಲ್ಲ ಓದುವ ಪಟ್ಟಿ ಅದು. ಅವಳು ಬರೆದಳು:

ಒಂದು. ಮನೆಯ ಮೆಟ್ಟಿಲ ತುದಿಯಲ್ಲಿ ಇಬ್ಬರು. ಅಕ್ಕನಿಗೆ ಹತ್ತು, ನನಗೆ ಎಂಟು.

ಎರಡು. ಕೆಂಪು ಕೊಡೆ ಯಾರಿಗೆಂದು ಜಗಳ.

ಮೂರು. ನಾನು ತಳ್ಳಿದೆ.

ನಾಲ್ಕು. ಅಕ್ಕನ ಎಡಗಾಲು ಮುರಿದದ್ದು ಹೇಗೆಂದು ಅಮ್ಮ ಕೇಳಿದಾಗ "ಅವಳೇ ಜಾರಿದಳು" ಅಂದೆ. ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ.

ಐದು. ಮೂವತ್ತೈದು ವರ್ಷ ಮತ್ತೆ ಯಾರೂ ಕೇಳಲಿಲ್ಲ.

ಕಳಿಸಿದಳು. ಅತ್ತ ಕಡೆ ಮೇಲ್ವಿಚಾರಕ ಓದುತ್ತ ಎದ್ದು ನಿಂತದ್ದು ಕಂಡಿತು. ಅವಳು ಆಟ ತೆರೆದು ಖಾಲಿ ಬೀದಿಯ ನಡುವೆ ನಿಂತಳು. ಟಕ್, ಸರ್‍ರ್. ಈ ಸಲ ಓಡದೆ ತಿರುಗಿದಳು. ಬೂದು ಕೋಟಿನವಳು ಎಡಗಾಲು ಎಳೆಯುತ್ತ ಪರದೆಯ ತುಂಬ ಬಂದು ನಿಂತು ಕೇಳಿದಳು:

"ಏನು ಮಾಡಿದೆ?"

ಹುಳುಕಮ್ಮ ಉತ್ತರದ ಗುಂಡಿ ಒತ್ತಲಿಲ್ಲ. ಕಚೇರಿಯವರೆಲ್ಲ ನೋಡುತ್ತಿರುವಂತೆಯೇ, ಬಾಯಿಬಿಟ್ಟು ಹೇಳಿದಳು.

"ತಳ್ಳಿದೆ, ಅಕ್ಕಾ."