ಹಾಲು ಬರುವ ಸೊಪ್ಪು

ಹಂಪಸಾಗರದ ಗಾದೆಮ್ಮನಿಗೆ ಅರವತ್ತು ದಾಟಿದೆ. ಕುರಿ ಕಾಯುತ್ತ ಬೆಳೆದವಳು, ಕುರಿ ಕಾಯುವ ಮನೆಗೇ ಸೊಸೆಯಾಗಿ ಬಂದವಳು. ಮುಂಗಾರಿನ ಎರಡು ಮಳೆ ಬಿದ್ದರೆ ಸಾಕು, ಸಂಜೆ ಅವಳ ಉಡಿಯಲ್ಲಿ ಸೊಪ್ಪು ಇರಲೇಬೇಕು. ಯಾರೂ ಬಿತ್ತದ ಸೊಪ್ಪು. ಯಾವುದು ತಿನ್ನಬೇಕು, ಯಾವುದು ಬಿಡಬೇಕು ಎಂದು ಊರಿನ ಹೆಂಗಸರು ಅವಳನ್ನೇ ಕೇಳುತ್ತಾರೆ.

ಹೋದ ಆಷಾಢದಲ್ಲಿ ಅಂಗನವಾಡಿ ಟೀಚರ್ ರಮಾ ಒಂದು ಚೀಲ ಗೋಳಿ ಸೊಪ್ಪು ಕಿತ್ತು ಗಾದೆಮ್ಮನಿಗೆ ತೋರಿಸಲು ತಂದಳು.

"ಎಲ್ಲಿ ಕಿತ್ತೀಯವ್ವಾ? ಕಳಿ ಸಾಯೋ ಔಷಧಿ ಹೊಡದ ಹೊಲ ಅಲ್ಲಲ್ಲ?"

"ಇಲ್ಲಬೇ, ನಮ್ಮ ಹಿತ್ತಲದಾಗ."

ಗಾದೆಮ್ಮ ಚೀಲ ಸುರುವಿ ಒಂದೊಂದೇ ಕಡ್ಡಿ ಮುರಿದು ನೋಡಿದಳು. ದಪ್ಪ ಎಲೆಯ, ನೀರು ಜಿನುಗುವ ಕಡ್ಡಿಗಳು ಮೊರಕ್ಕೆ ಬಿದ್ದವು. ನೆಲಕ್ಕೆ ಹಾಗೆಯೇ ಹಬ್ಬುವ ಇನ್ನೊಂದು ಗಿಡದ ನಾಲ್ಕು ಕಡ್ಡಿ ಬೆರೆತಿದ್ದವು. ಮುರಿದರೆ ಬಿಳಿ ಹಾಲು. ಅವು ತಿಪ್ಪೆಗೆ ಹೋದವು.

"ಹಾಲು ಬಂದ್ರ ತಿನ್ನಬಾರದು. ಹೊಟ್ಟಿ ಕೆಡತೈತಿ."

ರಮಾ ಸುಮ್ಮನಾಗಲಿಲ್ಲ. "ಹಕ್ಕರಕಿ ಸೊಪ್ಪು ಮುರದ್ರೂ ಹಾಲು ಬರತೈತಿ. ಅದನ್ನ ಹಸೀದ ರೊಟ್ಟಿ ಜೋಡಿ ತಿಂತೀವಲ್ಲ?"

ಗಾದೆಮ್ಮನ ಕೈ ನಿಂತಿತು. ಇಷ್ಟು ವರ್ಷ ಹಕ್ಕರಕಿ ತಿಂದರೂ ಈ ಪ್ರಶ್ನೆ ಹೊಳೆದಿರಲಿಲ್ಲ. ಮರುದಿನ ಕುರಿ ಹಿಂದೆ ಹೋದವಳು ಬದುವಿನ ಹಕ್ಕರಕಿ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಳು, ಮೊದಲ ಸಲ ಕಂಡವಳಂತೆ. ನೆಲಕ್ಕೆ ಹಾಸಿದ ಎಲೆ, ಗರಗಸದಂಥ ಅಂಚು, ಹಳದಿ ಹೂ. ತನ್ನ ಕಣ್ಣು ಇಷ್ಟನ್ನೂ ಒಟ್ಟಿಗೇ ನೋಡುತ್ತಿತ್ತು, ಬಾಯಿ ಮಾತ್ರ ಹಾಲೊಂದನ್ನೇ ಹೇಳುತ್ತಿತ್ತು.

ಸಂಜೆ ತಾನೇ ರಮಾಳ ಮನೆಗೆ ಹೋದಳು. "ನಾ ಹೇಳಿದ್ದು ಅರ್ಧಾನ ನೋಡವ್ವಾ. ಹಾಲೊಂದ ನೋಡಿದ್ರ ಸಾಲದು. ಎಲಿ, ಕಡ್ಡಿ, ಹೂವು ಎಲ್ಲಾ ಕೂಡಿ ಹೌದು ಅನಬೇಕು."

ಮುಂದಿನ ಭಾನುವಾರ ಇಬ್ಬರೂ ಹೊಳೆ ದಂಡೆಗೆ ಹೋದರು. ಅಲ್ಲಿ ಗಾದೆಮ್ಮನೇ ಕಂಡಿರದ ಒಂದು ಗಿಡ, ಎಳೆಯ ಚಿಗುರು. ಕುರಿಗಳು ಅದನ್ನೇ ಮೇಯುತ್ತಿದ್ದವು.

"ಕುರಿ ತಿಂತಾವಲ್ಲಬೇ, ನಾವೂ ತಿನ್ನಬೋದಲ್ಲ?"

"ಕುರಿ ಹೊಟ್ಟಿ ಬ್ಯಾರೆ, ನಮ್ಮ ಹೊಟ್ಟಿ ಬ್ಯಾರೆ."

ಗಾದೆಮ್ಮ ಅದನ್ನು ಬೇರು ಸಮೇತ ಕಿತ್ತು ಬಸ್ಸು ಹತ್ತಿ, ಸೊಪ್ಪಿನ ವಿಷಯದಲ್ಲಿ ತನಗಿಂತ ಹೆಚ್ಚು ಬಲ್ಲ ಹಿರೇಹಡಗಲಿಯ ಹಿರಿಯಳಾದ ಬೊಮ್ಮಮ್ಮನಿಗೆ ತೋರಿಸಿದಳು. ಆಕೆ ಮೂಸಿದಳು, ತಿಕ್ಕಿದಳು, ತಲೆಯಾಡಿಸಿದಳು. "ನಾನೂ ಕಂಡಿಲ್ಲ ತಂಗಿ."

ಈ ವಯಸ್ಸಿನಲ್ಲೂ ಹೊಸದಾಗಿ ಕಲಿಯುವ ಗಿಡವೊಂದು ಸಿಕ್ಕಿತೆಂದು ಗಾದೆಮ್ಮನಿಗೆ ಖುಷಿಯಾಯಿತು. ಆ ಗಿಡ ಈಗ ಅವಳ ಹಿತ್ತಲಿನ ಒಡಕು ಕೊಡದಲ್ಲಿದೆ. ಯಾರೂ ಬಾಯಿಗಿಡುವಂತಿಲ್ಲ. ಹೂ ಬಿಟ್ಟರೆ ಗುರುತು ಸಿಕ್ಕೀತೆಂದು ಅವಳು ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಾಳೆ.