ತಾರಾನಾಥ ಕಟ್ಟಿದ ಉಸಿರು

ನನ್ನ ಅಕ್ಕನ ಮಗ ತಾರಾನಾಥ ನೆಟ್ಟಗೆ ನಡೆಯುವ ಮೊದಲೇ ತೇಲಲು ಕಲಿತವನು. ಮಲ್ಪೆಯ ಬಡಗಲಿಗೆ, ನಮ್ಮ ಮನೆಯಿಂದ ಕೂಗಳತೆಯಲ್ಲಿ, ಕಡಲಿನೊಳಗೆ ಒಂದು ಕಪ್ಪು ಪಾದೆಗಲ್ಲಿದೆ. ಅದರ ಬುಡಕ್ಕೆ ಕಚ್ಚಿಕೊಂಡ ಪಚ್ಚಿಲೆ ಚಿಪ್ಪನ್ನು ಮುಳುಗಿ ಕಿತ್ತು ತರುವುದು ನಮ್ಮ ಕೇರಿಯ ವಿದ್ಯೆ. ಅವನಿಗೆ ಎಂಟು ವರ್ಷವಾದಾಗ ನಾನೇ ಕತ್ತು ಹಿಡಿದು ಮುಳುಗಿಸಿ ಕಲಿಸಿದೆ. ನನ್ನ ಪಾಠ ಒಂದೇ: ಏನೇ ಆಗಲಿ, ಬಾಯಿ ಮುಚ್ಚು, ಉಸಿರು ಕಟ್ಟು, ಕಾಲು ಬಡಿದು ಮೇಲೆ ಬಾ. ನೀರಿನಡಿ ಉಸಿರು ಬಿಟ್ಟವನು ಪ್ರಾಣ ಬಿಟ್ಟ. ಎರಡೇ ಮಳೆಗಾಲ ಕಳೆಯುವುದರೊಳಗೆ ಅವನು ಎಪ್ಪತ್ತು ಎಣಿಸುವವರೆಗೂ ಕೆಳಗಿರುತ್ತಿದ್ದ. ಹೊಗಳಿದರೆ ನಾಚಿಕೊಂಡು ಮತ್ತೆ ಮುಳುಗುತ್ತಿದ್ದ.

ಮುಂದೆ ಅವನು ಓದಿ ಎಂಜಿನಿಯರಾಗಿ ಅಮೆರಿಕದ ವರ್ಜೀನಿಯಾದ ರೆಸ್ಟನ್ನಿನಲ್ಲಿ ಕೆಲಸ ಹಿಡಿದ. ಹೆಂಡತಿ ವಾರಿಜಾಕ್ಷಿ, ಏಳು ವರ್ಷದ ಮಗಳು ಅಕ್ಷಯಾ, ಪಕ್ಕದ ಸ್ಟರ್ಲಿಂಗಿನಲ್ಲಿ ಮನೆ. ಕಡಲಿನ ಮಗನ ಬೆನ್ನಿಗೆ ಕುರ್ಚಿಯ ಅಚ್ಚು ಬಿದ್ದಿತ್ತು. ನೀರು ಬಿಟ್ಟ ಮೀನಿನ ಹಾಗೆ ಆರು ವರ್ಷ ಒದ್ದಾಡಿದ. ಆಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವುದನ್ನು ಕಲಿತ. ಎರಡು ಬೇಸಿಗೆ ಉತ್ತರ ಕ್ಯಾರೊಲೈನಾದ ಬೆಚ್ಚಗಿನ ಕಡಲಿಗೆ ಹೋಗಿ, ಮುಳುಗಿದ ಹಡಗುಗಳನ್ನು ನೋಡಿ ಬಂದ. ಫೋನಿನಲ್ಲಿ ಅದನ್ನೇ ಹೇಳುತ್ತಿದ್ದ.

ತೊಂಬತ್ತೇಳರ ಜನವರಿಯಲ್ಲಿ ನನ್ನನ್ನು ಕರೆಸಿಕೊಂಡ. ನಾನು ನಾಲ್ಕನೇ ಕ್ಲಾಸಿನ ಆಚೆ ಶಾಲೆಯ ಮುಖ ನೋಡದವನು. ಆದರೆ ಬೋಟಿನ ಡೀಸೆಲ್ ಎಂಜಿನ್ನನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲೆ. ಫೆಬ್ರವರಿಯಲ್ಲಿ ಚಳಿನೀರಿನ ಮುಳುಗು ಕಲಿಯಲು ಅವನು ಹೊರಟಾಗ ನಾನೂ ಕಾರು ಹತ್ತಿದೆ. ವಾರಿಜಾಕ್ಷಿಗೆ ಅದು ಬೇಡವಾಗಿತ್ತು. ಕೊನೆಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿ ನನ್ನ ಕೈಗೆ ಕೊಟ್ಟು, "ನೀವು ಜೊತೆಗಿದ್ದೀರಲ್ಲ ಮಾವ, ಅದೊಂದೇ ಧೈರ್ಯ" ಎಂದಳು.

ಅದು ನೀರು ತುಂಬಿದ ಹಳೆಯ ಕಲ್ಲುಕೋರೆ. ದಡದಲ್ಲಿ ಗಾಜಿನಂಥ ಮಂಜುಗಡ್ಡೆ. ಕಲಿಸುವ ವಾಲ್ಟ್ ಎಂಬ ಮುದುಕ ಹೇಳಿದ್ದನ್ನು ತಾರಾನಾಥನ ಜೊತೆಗಾರ ಪ್ರತೀಕ್ ನನಗೆ ಬಿಡಿಸಿ ಹೇಳುತ್ತಿದ್ದ. ಇಷ್ಟು ಚಳಿಯಲ್ಲಿ, ಸಿಲಿಂಡರಿನಿಂದ ಬಾಯಿಗೆ ಗಾಳಿ ಕೊಡುವ ಮೂತಿ ಒಳಗೇ ಹೆಪ್ಪುಗಟ್ಟಿ, ಮುಚ್ಚದೆ ಬುಸುಗುಟ್ಟಿ ಗಾಳಿಯೆಲ್ಲ ಸೋರಿಹೋಗಬಹುದು. ಉಸಿರಿನ ತೇವವೇ ಅಲ್ಲಿ ಮಂಜಾಗುತ್ತದೆ, ಅದಕ್ಕೆ ನೀರಿಗಿಳಿಯುವ ತನಕ ಅದರಲ್ಲಿ ಉಸಿರಾಡಬಾರದು. ಹಾಗೇನಾದರೂ ಆದರೆ ಜೊತೆಗಾರನ ಬಳಿಯ ಎರಡನೇ ಮೂತಿ ಕಚ್ಚಿಕೊಂಡು, ಉಸಿರಾಡುತ್ತಾ ನಿಧಾನವಾಗಿ ಮೇಲೆ ಬರಬೇಕು. ಉಸಿರು ಮಾತ್ರ ಕಟ್ಟಬಾರದು.

ನನಗೆ ನಗು ಬಂತು. "ಉಸಿರು ಬಿಡ್ತಾ ಮೇಲೆ ಬರೂದಾ? ಇವನಿಗೆ ಈಜು ಕಲಿಸಿದ್ದು ಯಾರು ಮಾರಾಯ?"

"ಇದು ಪಚ್ಚಿಲೆ ಕೀಳೂದಲ್ಲ ಮಾವ. ಟ್ಯಾಂಕ್ ಹಾಕಿದ್ರೆ ಬೇರೆ" ಎಂದ ತಾರಾನಾಥ.

"ನೀರು ಎಲ್ಲಾದ್ರೂ ನೀರೇ" ಎಂದೆ.

ಅವನು ನಕ್ಕ. ಆ ಮೂತಿ ಹೇಗೆ ಗಾಳಿ ಕೊಡುತ್ತದೆ ಎಂದು ಮಿಸ್ತ್ರಿ ಮಾವನಿಗೆ ತೋರಿಸಲು, ಕೊರೆಯುವ ಗಾಳಿಯಲ್ಲಿ ನಿಂತೇ ಮೂರು ನಾಲ್ಕು ಸಲ ಅದರಲ್ಲಿ ಉಸಿರಾಡಿದ. ವಾಲ್ಟ್ ಆಗ ಅತ್ತ ತಿರುಗಿದ್ದ.

ತಾರಾನಾಥ, ಪ್ರತೀಕ್ ಇಬ್ಬರೂ ಇಳಿದರು, ವಾಲ್ಟ್ ದಡದಲ್ಲಿ ನಿಂತ. ನಾನು ಹಲಗೆಯ ಮೇಲೆ ಕುಳಿತು ಗುಳ್ಳೆಗಳ ಎರಡು ಸಾಲು ನೋಡುತ್ತಿದ್ದೆ. ಹತ್ತು ನಿಮಿಷವಾಗಿರಬೇಕು, ಒಂದು ಸಾಲು ಇದ್ದಕ್ಕಿದ್ದಂತೆ ಗಂಜಿ ಕುದಿದ ಹಾಗೆ ಉಕ್ಕಿತು. ಎಲ್ಲಿ ಗಾಳಿ ಸೋರಿದರೂ ನನಗೆ ಗೊತ್ತಾಗುತ್ತದೆ. ನಾನು ಅದೇ ಬಟ್ಟೆಯಲ್ಲಿ ನೀರಿಗಿಳಿದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಕಾಲುಗಳು ಕೊರಡಾದವು, ಎದೆ ಹಿಡಿದುಕೊಂಡಿತು. ಅರವತ್ತು ವರ್ಷ ಕಡಲಿನಲ್ಲಿ ಬಾಳಿದವನನ್ನು ವಾಲ್ಟ್ ಅಂಗಿಯ ಕಾಲರ್ ಹಿಡಿದು ದಡಕ್ಕೆ ಎಳೆದು ಹಾಕಿ, ತಾನು ಧುಮುಕಿದ.

ಅಷ್ಟರಲ್ಲಿ ತಾರಾನಾಥ ಸೊಂಟದವರೆಗೆ ನೀರು ಸೀಳಿಕೊಂಡು ಮೇಲೆ ಬಂದ. ಬಾಯಿ ಬಿಗಿಯಾಗಿ ಮುಚ್ಚಿತ್ತು, ಕೆನ್ನೆ ಉಬ್ಬಿತ್ತು. ಪಾದೆಯ ಬಳಿ ಮೇಲೆ ಬಂದಾಗ ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿದ. ಬಾಯಿ ತೆರೆದಾಗ ಬಂದದ್ದು ಕೆಂಪು ನೊರೆ. ಮೇಲೆತ್ತಿದ ಬಲಗೈ ತುಂಡಾದ ಹಗ್ಗದಂತೆ ಬಿತ್ತು.

ಪ್ರತೀಕ್ ಸ್ವಲ್ಪ ಹೊತ್ತಿನ ಮೇಲೆ ಬಂದ. ಅಷ್ಟರಲ್ಲಿ ವಾಲ್ಟ್ ತಾರಾನಾಥನನ್ನು ದಡಕ್ಕೆಳೆದು ಮೂಗಿಗೆ ಆಮ್ಲಜನಕ ಹಿಡಿದಿದ್ದ. ಪ್ರತೀಕನ ಹಲ್ಲು ಕಟಕಟ ಎನ್ನುತ್ತಿತ್ತು. "ನಾನು ನನ್ನ ಸ್ಪೇರ್ ಕೊಟ್ಟೆ ಅಂಕಲ್, ಕೈಯಲ್ಲೇ ಇಟ್ಟೆ. ಅವರು ತಗೊಳ್ಳೇ ಇಲ್ಲ. ಬಾಯಿ ಮುಚ್ಕೊಂಡು ಕಾಲು ಬಡಿದ್ರು, ಅಷ್ಟೇ."

ಗಿಡವಾಗಿದ್ದಾಗ ಬಗ್ಗಿಸಿದ್ದು ಮರವಾದ ಮೇಲೆ ನೆಟ್ಟಗಾಗುವುದಿಲ್ಲ. ಬಗ್ಗಿಸಿದವನು ನಾನು.

ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದು, ಗಾಳಿಯ ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಮಲಗಿಸಿದರು. ಡಾಕ್ಟರು ಹೇಳಿದ್ದನ್ನು ವಾರಿಜಾಕ್ಷಿ ನನಗೆ ತಿಳಿಸಿದಳು. ನಲವತ್ತು ಅಡಿ ಕೆಳಗೆ ಸಿಲಿಂಡರಿನಿಂದ ಎಳೆದ ಒಂದು ಎದೆ ಗಾಳಿ ಮೇಲೆ ಬರುವಾಗ ಎರಡು ಎದೆಯಷ್ಟು ಹಿಗ್ಗುತ್ತದೆ. ಬಿಡದಿದ್ದರೆ ಶ್ವಾಸಕೋಶ ಒಡೆದು ಗಾಳಿ ರಕ್ತಕ್ಕೆ ನುಗ್ಗಿ ತಲೆಗೇರುತ್ತದೆ. ಪಚ್ಚಿಲೆಯವನು ಗಾಳಿ ತುಂಬಿಕೊಳ್ಳುವುದು ನೀರಿನ ಮೇಲೆ. ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಕೇಳಿದ ಕೂಡಲೇ ನನಗೆ ಅರ್ಥವಾಯಿತು. ಗಾಳಿಯನ್ನು ಒತ್ತಿ ಹಿಗ್ಗಿಸುವ ಯಂತ್ರದ ಅನ್ನವನ್ನೇ ನಾನು ಜೀವಮಾನವೆಲ್ಲ ಉಂಡವನು. ದಡದಲ್ಲಿ ನಗುವ ಬದಲು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು.

ಎಲ್ಲವನ್ನೂ ವಾರಿಜಾಕ್ಷಿಗೆ ಹೇಳಿದೆ. ನಾನು ನಕ್ಕದ್ದು, ಅವನು ಮೂತಿ ತೋರಿಸಿದ್ದು, ಎಲ್ಲ. ಅವಳು ತಟ್ಟೆಗೆ ಅನ್ನ ಬಡಿಸಿ ನನ್ನ ಮುಂದಿಟ್ಟು, "ಊಟ ಮಾಡಿ ಮಾವ" ಎಂದಳು.

ತಾರಾನಾಥ ಬದುಕಿದ. ಬಲಗೈ ಮತ್ತು ಅರ್ಧ ಮಾತು ತಿರುಗಿ ಬರಲಿಲ್ಲ. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದೆ. ಎಂಜಿನ್ನಾದರೆ ಬಿಚ್ಚಿ ನೋಡಬಹುದಿತ್ತು.

ಜುಲೈಯಲ್ಲಿ, ನಾನು ಊರಿಗೆ ಹೊರಡುವ ಮುಂಚಿನ ಭಾನುವಾರ, ಅಕ್ಷಯಾಳನ್ನು ಈಜುಕೊಳಕ್ಕೆ ಕರೆದೊಯ್ದೆವು. ತಾರಾನಾಥನನ್ನು ಅಂಚಿನಲ್ಲಿ ಕುರ್ಚಿಯಲ್ಲಿ ಕೂರಿಸಿದ್ದೆವು.

"ಅಜ್ಜ, ಕೌಂಟ್ ಮಾಡಿ. ಅಪ್ಪ ಸೆವೆಂಟಿ ಮಾಡ್ತಿದ್ರಂತೆ" ಎಂದು ಹುಡುಗಿ ಕೆನ್ನೆ ಉಬ್ಬಿಸಿ ಮುಳುಗಿದಳು.

ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ನೀರಿನಡಿ ಇದ್ದಳು. ಎಣಿಸಲೂ ಆಗಲಿಲ್ಲ. ಪಕ್ಕದಲ್ಲಿ ಸಣ್ಣಗೆ ಟಕ್ ಟಕ್ ಎಂದಿತು. ತಾರಾನಾಥ ಎಡಗೈ ಬೆರಳಿನಿಂದ ಕುರ್ಚಿಯ ಕೈ ಬಡಿದು ಎಣಿಸುತ್ತಿದ್ದ.

ಇಪ್ಪತ್ತೆಂಟನೇ ಬಡಿತಕ್ಕೆ ಅವಳು ಮೇಲೆ ಬಂದು, ಏದುಸಿರು ಬಿಡುತ್ತಾ ಎಷ್ಟಾಯಿತೆಂದು ಕೇಳಿದಳು. ತಾರಾನಾಥನ ಬೆರಳು ಎಪ್ಪತ್ತರತ್ತ ಇನ್ನೂ ಬಡಿಯುತ್ತಲೇ ಇತ್ತು.